ಇಷ್ಟೇನಾ

ಚಿತ್ರದುರ್ಗದ ಬಸ್ ಸ್ಟ್ಯಾಂಡಿನ ಎದುರು,
ಮೊಬೈಲ್ ರಿಪೇರಿ ಅಂಗಡಿಯ ಮೇಲೆ
ಹನ್ನೆರಡು ರೂಮಿನ ಲಾಡ್ಜು ನಮ್ಮದು.
ನಮ್ಮದೆಂದರೆ ಸಾಹುಕಾರರದು. ರಿಜಿಸ್ಟರು,
ಬೀಗದ ಕೈ ಗೊಂಚಲು, ಮತ್ತೆ ಒಂದು ಪ್ರಶ್ನೆ
ನನ್ನ ಪಾಲಿಗೆ:
"ಕೋಟೆ ನೋಡುವಂಥದ್ದಾ?"

ಹೆಸರು, ಊರು, ಬಂದ ಉದ್ದೇಶ ಬರೆದು
ಪೆನ್ನು ವಾಪಸು ಕೊಡುವಾಗ ಕೇಳುತ್ತಾರೆ,
ಸಂತೆಯಲ್ಲಿ ಹೋರಿಯ ಹಲ್ಲು ಬಿಡಿಸಿ ನೋಡುವವರ ಹಾಗೆ.
"ಮೂರು ತಾಸು ಟೈಮಿದೆ. ಬಿಸಿಲು ಬೇರೆ.
ಹೋದರೆ ಲಾಸಿಲ್ಲ ತಾನೆ?"

ಹನ್ನೊಂದು ವರ್ಷದಲ್ಲಿ ಮುಖ ನೋಡಿ ಹೇಳುವುದು ಕಲಿತೆ.
ಕತ್ತಿನಲ್ಲಿ ಕ್ಯಾಮೆರಾ ಇದ್ದರೆ: ಬೆಳಗ್ಗೆ ಬೇಗ ಹೋಗಿ ಸಾರ್.
ಹೈಹೀಲ್ಡು ಇದ್ದರೆ: ಚಂದ್ರವಳ್ಳಿ ಕೆರೆಯೂ ಚೆನ್ನಾಗಿದೆ ಮೇಡಂ.
ಮಂಡಿ ಹಿಡಿದು ನಮ್ಮ ಮೆಟ್ಟಿಲು ಹತ್ತಿ ಬಂದವರಿಗೆ:
ಮೊದಲ ಬಾಗಿಲು ನೋಡಿದರೂ ನೋಡಿದ ಹಾಗೇ, ಅಜ್ಜಾ.
ಸಾಹುಕಾರರು ಹೇಳಿಕೊಟ್ಟಿದ್ದು ಬೇರೆ:
"ಒಂದು ದಿನಕ್ಕೆ ಮುಗಿಯೋದಲ್ಲ ಅನ್ನು,
ಇನ್ನೊಂದು ರಾತ್ರಿ ಉಳೀತಾರೆ."

ಒಮ್ಮೆ ಗದಗದ ಕಡೆಯ ಒಂದು ಸಂಸಾರ
ಇದೇ ಟೇಬಲ್ಲಿನ ಮುಂದೆ ಅರ್ಧ ಗಂಟೆ ವಾದ ಮಾಡಿತು:
ಕೋಟೆ ಹತ್ತುವುದೋ,
ಹತ್ತದೆ ಹೊರಟು ದಾವಣಗೆರೆಯಲ್ಲಿಳಿದು ಬೆಣ್ಣೆದೋಸೆ ತಿನ್ನುವುದೋ.
ಕೈ ಎತ್ತಿಸಿ ಎಣಿಸಿದರು. ದೋಸೆ ಗೆದ್ದಿತು.
ಕೋಟೆಗೆ ಕೈಯೆತ್ತಿದ್ದ ಒಬ್ಬಳೇ ಹುಡುಗಿ
ಬಸ್ಸಿನ ಹಿಂದಿನ ಸೀಟಿನಲ್ಲಿ ತಿರುಗಿ ಕೂತಿದ್ದಳು.

ಹೋಗಿ ಬಂದು ಬೀಗದ ಕೈ ಕೇಳುವಾಗ
ಅರ್ಧ ಜನರ ಬಾಯಲ್ಲಿ ಒಂದೇ ಮಾತು: ಇಷ್ಟೇನಾ?
ಓಬವ್ವನ ಕಿಂಡಿಯಂತೆ!
ನಮ್ಮ ಬಚ್ಚಲ ಕಿಟಕಿ ಅದಕ್ಕಿಂತ ದೊಡ್ಡದು.
ಅಯ್ಯಾ, ಕಿಂಡಿ ದೊಡ್ಡದಿದ್ದರೆ ಆ ಕಥೆ ಆಗುತ್ತಿತ್ತೇ,
ಅನ್ನಲಿಲ್ಲ. ಬಿಸಿನೀರು ಏಳರವರೆಗೆ ಮಾತ್ರ, ಅಂದೆ.

ದೂರದ ಬೆಟ್ಟ ನುಣ್ಣಗೆ ಅಂತಾರೆ.
ನಮ್ಮ ಬೆಟ್ಟ ದೂರದಿಂದಲೂ ನುಣ್ಣಗಿಲ್ಲ.
ಯಾರೋ ಜೋಡಿಸಲು ಕೂತು, ಬೇಸರ ಬಂದು,
ಎದ್ದು ಹೋದ ಹಾಗೆ ಬಂಡೆ ಮೇಲೆ ಬಂಡೆ.

ನಾನು ನೋಡಿದ್ದೋ? ಆರನೇ ಕ್ಲಾಸಿನಲ್ಲಿ,
ಸಾಲಾಗಿ, ಪಕ್ಕದವನ ಬೆವರು ಕೈ ಹಿಡಿದು.
ನೆನಪಿರುವುದು ಕೋತಿ ಕಿತ್ತುಕೊಂಡ ಚಿತ್ರಾನ್ನದ ಡಬ್ಬಿ.
ಅಷ್ಟು ಬಂಡವಾಳದಲ್ಲಿ
ಎಷ್ಟು ಸಾವಿರ ಜನಕ್ಕೆ ಸಲಹೆ ಕೊಟ್ಟೆನೋ.

ಕಳೆದ ಫೆಬ್ರವರಿ. ಪಾಲಮ್ಮ, ಪರಶುರಾಂಪುರ.
ಬಂದ ಉದ್ದೇಶ: ಆಸ್ಪತ್ರೆ.
ತಮ್ಮನ ಕಾಲಿಗೆ ರಾಡು ಹಾಕುತ್ತಿದ್ದಾರೆ,
ಸಂಜೆತನಕ ಒಳಗೆ ಬಿಡಲ್ಲವಂತೆ.
ಹವಾಯಿ ಚಪ್ಪಲಿ, ಕಂಕುಳಲ್ಲಿ ಎಕ್ಸ್‌ರೇ ಕವರು.
"ಕ್ವಾಟೆ ನೋಡಂಗೈತಾ?"
ಇದ್ದ ಉತ್ತರವೊಂದೂ ಅವಳ ಅಳತೆಗೆ ಬರಲಿಲ್ಲ.
ಗೊತ್ತಿಲ್ಲಮ್ಮ, ಅಂದೆ. ಅದೇ ಮೊದಲು.

ಸಂಜೆ ಬಂದಳು, ಸೆರಗಿನ ತುಂಬ ಕಲ್ಲಿನ ಧೂಳು.
"ಮ್ಯಾಕೇನೂ ಹೋಗ್ಲಿಲ್ಲಣ್ಣ. ಮದ್ಲು ಬಾಗ್ಲು ದಾಟಿದ್ರೆ
ಗ್ವಾಡೆ ಐತಲ್ಲ, ಅಲ್ಲೇ ಬೆನ್ನು ಕೊಟ್ಟು ಕುಂತೆ.
ಕಲ್ಲು ತಣ್ಣಗಿತ್ತು. ನಿದ್ದೆ ಹತ್ತಿಬಿಡ್ತು."
ಚೆನ್ನಾಗಿತ್ತಾ ಅಂತ ಕೇಳಿದೆ.
"ಮೂರು ದಿನ ಆಗಿತ್ತು ಕಣ್ಣು ಮುಚ್ಚಿ," ಅಂದಳು.

ಮುಂದಿನ ಸೋಮವಾರ ತಿಪ್ಪೇರುದ್ರನನ್ನು ಟೇಬಲ್ಲಿಗೆ ಕೂರಿಸಿ
ನಾನೇ ಹತ್ತಿದೆ. ಗೈಡು ಬೇಡ ಅಂದೆ.
ಎರಡು ಕಡೆ ಕೂತೆ, ಒಂದು ಕಡೆ ದಾರಿ ತಪ್ಪಿದೆ.
ಮೇಲೆ ನಿಂತು ತಿರುಗಿದರೆ ಊರು,
ಊರಿನಾಚೆ ಗಾಳಿಯಂತ್ರಗಳ ಸಾಲು.
ಹುಡುಕಿದೆ. ಸಿಕ್ಕಿತು: ನೀಲಿ ನೀರಿನ ಟ್ಯಾಂಕು,
ತಾರಸಿಯ ತಂತಿ ಮೇಲೆ ಬಿಳಿ ಬೆಡ್‌ಶೀಟುಗಳು,
ಹೆಬ್ಬೆರಳ ಉಗುರು ಅಡ್ಡ ಹಿಡಿದರೆ
ಪೂರ್ತಿ ಮುಚ್ಚಿಹೋಗುವ ಹನ್ನೊಂದು ವರ್ಷ.
ಬಾಯಿಗೆ ಬಂದೇಬಿಟ್ಟಿತು ಗಿರಾಕಿಗಳ ಮಾತು.
ಗಾಳಿಯಿತ್ತು. ಪಕ್ಕದಲ್ಲಿದ್ದ ಕೋತಿಯೂ
ಕಿವಿಗೊಡಲಿಲ್ಲ.

ಇವತ್ತು ಬೆಳಗ್ಗೆ ಒಂಬತ್ತನೇ ನಂಬರಿನವರು ಕೇಳಿದರು.
ನೀರು ತಗೊಂಡು ಹೋಗಿ, ಅಂದೆ,
ಡಬ್ಬಿ ಗಟ್ಟಿಯಾಗಿ ಹಿಡಕೊಳ್ಳಿ.
"ಅಲ್ಲಪ್ಪ, ನೋಡುವಂಥದ್ದಾ ಅಂತ..."
ಬೀಗದ ಕೈ ಇಲ್ಲಿಟ್ಟು ಹೋಗಿ ಸಾರ್,
ಸಂಜೆ ನೀವೇ ಹೇಳಿ.